ಬಿಸಿಲನ್ನು ಅರಿತು ನಡೆಯುವ ಗಾಜು

ಬೆಳಕನ್ನು ಒಳಕ್ಕೆ ಕರೆದು, ಬೇಡದ ಶಾಖವನ್ನು ಹೊರಗೇ ನಿಲ್ಲಿಸುವ ಕಿಟಕಿಗಾಗಿ ನಡೆದಿರುವ ದೀರ್ಘ ಸಾಧನೆಯ ಕಥೆ

ವೈಶಾಖದ ನಡುಹಗಲು. ಬೆಂಗಳೂರಿನಲ್ಲಿ ನೆಲದಿಂದ ನೆತ್ತಿಯವರೆಗೂ ಗಾಜನ್ನೇ ಹೊದ್ದು ನಿಂತಿರುವ ಯಾವುದಾದರೊಂದು ಹೊಸ ಕಚೇರಿಯನ್ನು ಹೊಕ್ಕು ನೋಡಿ. ಹೊರಗೆ ಕಣ್ಣು ಕುಕ್ಕುವ ಬೆಳಕು. ಒಳಗೆ ಎಲ್ಲ ಕಿಟಕಿಗಳಿಗೂ ತೆರೆ ಎಳೆದಿರುತ್ತಾರೆ. ತೆರೆ ಎಳೆದದ್ದರಿಂದ ಕತ್ತಲಾಯಿತೆಂದು ದೀಪಗಳನ್ನು ಹೊತ್ತಿಸಿರುತ್ತಾರೆ. ತೆರೆಯ ಹಿಂದಿನಿಂದ ನುಸುಳಿದ ಧಗೆಯನ್ನು ಹೊರದೂಡಲು ಶೈತ್ಯಯಂತ್ರವು ಒಂದೇ ಸಮನೆ ಗುಂಯ್‌ಗುಟ್ಟುತ್ತಿರುತ್ತದೆ. ಬೆಳಕು ಬರಲೆಂದು ಅಷ್ಟು ಹಣ ತೆತ್ತು ಗಾಜಿನ ಗೋಡೆಯನ್ನು ಕಟ್ಟಿಸಿದವರು, ಅದೇ ಬೆಳಕನ್ನು ಬಟ್ಟೆಯಿಂದ ಮುಚ್ಚಿ, ಹಗಲು ಹೊತ್ತಿನಲ್ಲಿ ದೀಪಕ್ಕೂ ತಂಪಿಗೂ ಎರಡು ಬಾರಿ ವಿದ್ಯುತ್ತಿನ ಹಣ ತೆರುತ್ತಾರೆ!

ನಮ್ಮ ಹಿರಿಯರು ಇದಕ್ಕಿಂತ ಜಾಣರಾಗಿದ್ದರೆಂದು ಹೇಳಬೇಕು. ತೊಟ್ಟಿಯ ಮನೆಯ ದಪ್ಪ ಗೋಡೆ, ಚಿಕ್ಕ ಗವಾಕ್ಷಿ, ಮುಂಚಾಚಿದ ಸೂರು, ಬೇಸಗೆಯಲ್ಲಿ ನೀರು ಚಿಮುಕಿಸಿದ ಲಾವಂಚದ ತಟ್ಟಿ - ಇವೆಲ್ಲ ಬಿಸಿಲಿನೊಡನೆ ಅವರು ಮಾಡಿಕೊಂಡಿದ್ದ ಒಪ್ಪಂದಗಳು. ಬೆಂಗಳೂರಿನ ಹಳೆಯ ಬಂಗಲೆಗಳ ಕಿಟಕಿಗಳ ಮೇಲೆ ಕೋತಿಯ ಟೋಪಿಯಂತೆ ಚೂಪಾಗಿ ಬಾಗಿದ ಮರದ ಮುಚ್ಚಿಗೆಗಳನ್ನು ಕಂಡವರಿಗೆ ಇದರ ಮರ್ಮ ತಿಳಿದೀತು. ಆದರೆ ಮಹಡಿಯ ಮೇಲೆ ಮಹಡಿಯನ್ನು ಏರಿಸಿ ಮನೆ ಕಟ್ಟುವ ಇಂದಿನ ಕಾಲದಲ್ಲಿ ಸೂರಿಗೂ ಎಡೆಯಿಲ್ಲ, ತಟ್ಟಿಗೂ ಎಡೆಯಿಲ್ಲ, ಉಳಿದಿರುವುದು ಗಾಜೊಂದೇ. ಹಾಗಾದರೆ ಆ ಗಾಜಿಗೇ ಒಂದಿಷ್ಟು ಬುದ್ಧಿ ಕಲಿಸಲಾಗದೆ?

ಅಂತಹ ಗಾಜು ಬೇಸಗೆಯಲ್ಲಿ ಬೆಳಕನ್ನು ಬಿಟ್ಟುಕೊಂಡು ಶಾಖವನ್ನು ತಡೆಯಬೇಕು. ಚಳಿಗಾಲದಲ್ಲಿ ಎರಡನ್ನೂ ಬಿಟ್ಟುಕೊಳ್ಳಬೇಕು. ಯಾರೂ ಗುಂಡಿ ಒತ್ತಬಾರದು, ತಂತಿ ಎಳೆಯಬಾರದು. ಗಾಜು ತಾನೇ ಬಿಸಿಲನ್ನು ಅರಿತು ನಡೆಯಬೇಕು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದಂತಾಯಿತಲ್ಲ ಎಂದು ಓದುಗರು ನಕ್ಕಾರು. ಆದರೆ ಈ ಗುಣವುಳ್ಳ ಪದಾರ್ಥವೊಂದು ನಿಜವಾಗಿಯೂ ಇದೆ. ಅದರ ಹೆಸರು ವನೇಡಿಯಂ ಡೈಆಕ್ಸೈಡು. ಅದನ್ನು ಮನೆಯ ಕಿಟಕಿಗೆ ತಕ್ಕಂತೆ ಪಳಗಿಸುವ ಕೆಲಸದಲ್ಲಿ ಹಲವು ದೇಶಗಳ ವಿಜ್ಞಾನಿಗಳು ದಶಕಗಳಿಂದ ತೊಡಗಿದ್ದಾರೆ.

ಬಿಸಿಲಿನ ಎರಡು ಮುಖಗಳು

ಮೊದಲು ಬಿಸಿಲಿನ ಸ್ವರೂಪವನ್ನು ತಿಳಿಯೋಣ. 1800ರಲ್ಲಿ ಇಂಗ್ಲೆಂಡಿನ ಖಗೋಳಜ್ಞ ವಿಲಿಯಂ ಹರ್ಷೆಲನು ಒಂದು ಸರಳ ಪ್ರಯೋಗ ಮಾಡಿದನು. ಪಟ್ಟಕದ ಮೂಲಕ ಬಿಸಿಲನ್ನು ಹಾಯಿಸಿ, ಹರಡಿದ ಬಣ್ಣಗಳ ಮೇಲೆ ಉಷ್ಣಮಾಪಕವನ್ನಿಟ್ಟು, ಯಾವ ಬಣ್ಣದಲ್ಲಿ ಎಷ್ಟು ಶಾಖವಿದೆಯೆಂದು ಅಳೆಯುತ್ತ ಹೋದನು. ನೇರಿಳೆಯಿಂದ ಕೆಂಪಿನತ್ತ ಸಾಗಿದಂತೆ ಪಾದರಸವು ಮೇಲೇರಿತು. ಕೆಂಪಿನ ಅಂಚನ್ನು ದಾಟಿ, ಬರಿಗಣ್ಣಿಗೆ ಏನೂ ಕಾಣದ ಕತ್ತಲಲ್ಲಿ ಇಟ್ಟಾಗಲಂತೂ ಅದು ಇನ್ನೂ ಮೇಲಕ್ಕೆ ಏರಿತು! ಕಣ್ಣಿಗೆ ಕಾಣದ, ಮೈಗೆ ಮಾತ್ರ ತಟ್ಟುವ ಈ ಕಿರಣಗಳೇ ಅವಗೆಂಪು ಕಿರಣಗಳು.

ನೆಲವನ್ನು ಮುಟ್ಟುವ ಸೂರ್ಯಶಕ್ತಿಯಲ್ಲಿ ಸುಮಾರು ಅರ್ಧದಷ್ಟು ಈ ಅವಗೆಂಪು ಕಿರಣಗಳೇ ಆಗಿವೆ. ನಮಗೆ ಓದಲು ಬರೆಯಲು ನೆರವಾಗುವ ಬೆಳಕಿನ ಪಾಲು ಉಳಿದರ್ಧಕ್ಕಿಂತ ತುಸು ಕಡಮೆ. ಮಿಕ್ಕ ಅಲ್ಪಭಾಗ ಅತಿನೇರಿಳೆ. ಆದುದರಿಂದ ಬಿಸಿಲಿನ ಶಾಖದ ದೊಡ್ಡದೊಂದು ಪಾಲನ್ನು, ಕೋಣೆಯನ್ನು ಕತ್ತಲು ಮಾಡದೆಯೇ, ಹೊರಗೆ ನಿಲ್ಲಿಸಲು ಸಾಧ್ಯವಿದೆ. ಸಾಮಾನ್ಯ ಗಾಜಿಗೆ ಈ ವಿವೇಚನೆಯಿಲ್ಲ. ಅದು ಎರಡನ್ನೂ ಸರಾಗವಾಗಿ ಒಳಬಿಡುತ್ತದೆ. ಆದರೆ ಒಳಗಿನ ಗೋಡೆ, ಮೇಜು, ಹಾಸುಗಳು ಕಾದು ಹೊರಸೂಸುವ ದೀರ್ಘ ಅಲೆಯ ಶಾಖಕಿರಣಗಳನ್ನು ಮಾತ್ರ ಅದು ಹಾಗೆಯೇ ಹೊರಗೆ ಬಿಡುವುದಿಲ್ಲ. ಬಂದ ನೆಂಟ ಹೊರಡುವ ಮಾತನ್ನೇ ಎತ್ತದಂತಾಯಿತು! ಬಿಸಿಲಲ್ಲಿ ಬಾಗಿಲು ಮುಚ್ಚಿ ನಿಲ್ಲಿಸಿದ ಮೋಟಾರು ಗಾಡಿಯೊಳಗೆ ಕುಳಿತವರಿಗೆ ಇದರ ಅನುಭವ ಉಂಟಷ್ಟೆ.

ಬೆಳ್ಳಿಯ ಅತಿ ತೆಳುವಾದ ಲೇಪವನ್ನು ಹಚ್ಚಿ ಅವಗೆಂಪು ಕಿರಣಗಳನ್ನು ಹಿಂದಕ್ಕೆ ಅಟ್ಟುವ ಗಾಜುಗಳು ಪೇಟೆಯಲ್ಲಿ ಬಹಳ ಕಾಲದಿಂದ ದೊರೆಯುತ್ತಿವೆ. ಆದರೆ ಅವುಗಳಿಗೆ ಋತುಗಳ ಪರಿವೆಯಿಲ್ಲ. ಮೇ ತಿಂಗಳಲ್ಲಿ ಬೇಡದ ಶಾಖವನ್ನು ಅಟ್ಟುವಂತೆಯೇ, ಮೈಯೊಡ್ಡಿ ಕೂರಬೇಕೆನಿಸುವ ಡಿಸೆಂಬರಿನ ಎಳೆಬಿಸಿಲನ್ನೂ ಅವು ಅಟ್ಟಿಬಿಡುತ್ತವೆ. ವಿದ್ಯುತ್ತಿನಿಂದ ಬಣ್ಣ ಬದಲಿಸುವ ಗಾಜುಗಳೂ ಉಂಟು. 2011ರಲ್ಲಿ ಪ್ರಯಾಣಿಕರ ಸೇವೆಗೆ ಇಳಿದ ಬೋಯಿಂಗ್ 787 ವಿಮಾನದ ಕಿಟಕಿಗಳು ಈ ಬಗೆಯವು. ಆದರೆ ಅವಕ್ಕೆ ತಂತಿ ಬೇಕು, ನಿಯಂತ್ರಕ ಬೇಕು, ಬೆಲೆಯೂ ಹೆಚ್ಚು.

ಕೈತಪ್ಪಿದ ಕೀರ್ತಿ

ಹರ್ಷೆಲನು ಅವಗೆಂಪು ಕಿರಣಗಳನ್ನು ಕಂಡ ಮರುವರ್ಷವೇ, ಎಂದರೆ 1801ರಲ್ಲಿ, ಅಟ್ಲಾಂಟಿಕ್ ಸಾಗರದ ಆಚೆಯ ಮೆಕ್ಸಿಕೋ ನಗರದಲ್ಲಿ ಇನ್ನೊಂದು ಘಟನೆ ನಡೆಯಿತು. ಅಲ್ಲಿನ ಗಣಿವಿದ್ಯಾಲಯದಲ್ಲಿ ಖನಿಜಶಾಸ್ತ್ರದ ಅಧ್ಯಾಪಕನಾಗಿದ್ದ ಆಂದ್ರೆಸ್ ಮಾನ್ವೆಲ್ ದೆಲ್ ರೀಯೊ ಎಂಬವನು ಸೀಮಪಾನ್ ಎಂಬ ಊರಿನ ಸೀಸದ ಅದುರಿನಲ್ಲಿ ಹೊಸದೊಂದು ಮೂಲವಸ್ತುವನ್ನು ಗುರುತಿಸಿದನು. ಅದರ ಲವಣಗಳು ಬಗೆಬಗೆಯ ಬಣ್ಣಗಳಲ್ಲಿ ಮೆರೆಯುತ್ತಿದ್ದುವು, ಕಾಸಿದರೆ ಕೆಂಪಾಗುತ್ತಿದ್ದುವು. ಆದುದರಿಂದ ಗ್ರೀಕ್ ಭಾಷೆಯ ಕೆಂಪು ಎಂಬರ್ಥದ ಪದದಿಂದ ಅದಕ್ಕೆ ಎರಿತ್ರೋನಿಯಂ ಎಂದು ನಾಮಕರಣ ಮಾಡಿದನು.

ಅವನ ದುರದೃಷ್ಟವನ್ನು ಏನೆನ್ನೋಣ! ಅದುರಿನ ಮಾದರಿಯು ಪ್ರಸಿದ್ಧ ಪ್ರವಾಸಿ ಹಂಬೋಲ್ಟನ ಮೂಲಕ ಪ್ಯಾರಿಸ್ಸನ್ನು ತಲಪಿತು. ಅಲ್ಲಿನ ರಸಾಯನಜ್ಞನೊಬ್ಬನು ಅದನ್ನು ಪರೀಕ್ಷಿಸಿ, ಇದು ಹೊಸ ವಸ್ತುವಲ್ಲ, ಆಗಲೇ ತಿಳಿದಿದ್ದ ಕ್ರೋಮಿಯಂ ಅಷ್ಟೆ ಎಂದು 1805ರಲ್ಲಿ ತೀರ್ಪು ಕೊಟ್ಟನು. ದೂರದ ವಸಾಹತಿನ ಅಧ್ಯಾಪಕ ತನ್ನ ಕಣ್ಣನ್ನು ನಂಬುವ ಬದಲು ಪ್ಯಾರಿಸ್ಸಿನ ಮಾತನ್ನು ನಂಬಿ ತನ್ನ ಶೋಧವನ್ನೇ ಬಿಟ್ಟುಕೊಟ್ಟನು. ಸುಮಾರು ಮೂವತ್ತು ವರ್ಷಗಳು ಕಳೆದುವು. 1830ರಲ್ಲಿ ಸ್ವೀಡನ್ನಿನ ಸೆಫ್‌ಸ್ಟ್ರಮ್ ಎಂಬವನು ಕಬ್ಬಿಣದಲ್ಲಿ ಅದೇ ವಸ್ತುವನ್ನು ಮತ್ತೆ ಕಂಡು, ಅದರ ಬಣ್ಣಗಳ ಚೆಲುವಿಗೆ ಮಾರುಹೋಗಿ, ತನ್ನ ನಾಡಿನ ಸೌಂದರ್ಯದೇವತೆಯಾದ ವನಾದಿಸಳ ಹೆಸರನ್ನಿಟ್ಟನು. ಎರಡೂ ಒಂದೇ ಎಂದು ಜರ್ಮನಿಯ ವೋಲರನು ಬೇಗನೆ ತೋರಿಸಿಕೊಟ್ಟರೂ ಹೆಸರು ಮಾತ್ರ ಸ್ವೀಡನ್ನಿಗೇ ಉಳಿಯಿತು. 1849ರವರೆಗೆ ಬದುಕಿದ್ದ ದೆಲ್ ರೀಯೊ ತನ್ನ ಕೂಸು ಬೇರೊಬ್ಬರ ಮನೆಯಲ್ಲಿ ಬೇರೊಂದು ಹೆಸರಿನಿಂದ ಬೆಳೆಯುವುದನ್ನು ನೋಡಬೇಕಾಯಿತು.

ವನೇಡಿಯಂ ಮುಂದೆ ಉಕ್ಕನ್ನು ಗಟ್ಟಿಗೊಳಿಸುವ ಲೋಹವಾಗಿ ಜಗತ್ತಿಗೆ ಬೇಕಾಯಿತು. ಶಾಖಕ್ಕೆ ಬಣ್ಣ ತಿರುಗಿಸುವ ಅದರ ಹುಟ್ಟುಗುಣದ ಕಡೆ ಕಿಟಕಿಗಾಗಿ ಯಾರೂ ಕಣ್ಣು ಹಾಯಿಸಲಿಲ್ಲ.

ಅರವತ್ತೆಂಟು ಡಿಗ್ರಿಯ ಸೋಜಿಗ

1959ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಎಫ್. ಜೆ. ಮೋರಿನ್ ಎಂಬ ವಿಜ್ಞಾನಿಯು ಕೆಲವು ಲೋಹಗಳ ಆಕ್ಸೈಡುಗಳಲ್ಲಿ ವಿದ್ಯುತ್ತು ಹೇಗೆ ಹರಿಯುತ್ತದೆಂದು ಅಳೆಯುತ್ತಿದ್ದನು. ವನೇಡಿಯಂ ಡೈಆಕ್ಸೈಡಿನ ಹರಳು ತಣ್ಣಗಿರುವಾಗ ವಿದ್ಯುತ್ತಿಗೆ ಅಷ್ಟಾಗಿ ದಾರಿ ಕೊಡುತ್ತಿರಲಿಲ್ಲ. ಸುಮಾರು 68 ಡಿಗ್ರಿ ಸೆಂಟಿಗ್ರೇಡನ್ನು ದಾಟಿದೊಡನೆ ಅದು ಹಠಾತ್ತನೆ ಲೋಹದಂತೆ ವರ್ತಿಸತೊಡಗಿತು! ಒಳ್ಳೆಯ ಹರಳಿನಲ್ಲಿ ವಿದ್ಯುದ್ವಾಹಕತೆಯು ಹತ್ತಾರು ಸಾವಿರ ಪಾಲು ಏರುತ್ತದೆ. ತಣಿದರೆ ಮತ್ತೆ ಮೊದಲಿನಂತೆ.

ಇದರ ಒಳಗುಟ್ಟನ್ನು ಹೀಗೆ ಊಹಿಸಿಕೊಳ್ಳಬಹುದು. ತಣ್ಣಗಿರುವಾಗ ಹರಳಿನಲ್ಲಿ ವನೇಡಿಯಂ ಪರಮಾಣುಗಳು ಇಬ್ಬಿಬ್ಬರಾಗಿ ಕೈ ಹಿಡಿದು, ಶಾಲೆಯ ಮಕ್ಕಳಂತೆ ಜೋಡಿಸಾಲಾಗಿ ನಿಂತಿರುತ್ತವೆ. ಪ್ರತಿ ಪರಮಾಣುವಿನ ಬಳಿಯಿರುವ ಒಂದು ಬಿಡಿ ಎಲೆಕ್ಟ್ರಾನು ಆ ಕೈಹಿಡಿತದಲ್ಲಿ ಸಿಕ್ಕಿಕೊಂಡು ಎಲ್ಲಿಗೂ ಅಲುಗದು. ಶಾಖವು ಗೊತ್ತಾದ ಮಟ್ಟ ಮುಟ್ಟಿದಾಗ ಗಂಟೆ ಹೊಡೆದಂತಾಗುತ್ತದೆ. ಜೋಡಿಗಳು ಕೈಬಿಟ್ಟು ಸಮದೂರದಲ್ಲಿ ನಿಲ್ಲುತ್ತವೆ. ಎಲೆಕ್ಟ್ರಾನುಗಳು ಹರಳಿನ ತುಂಬ ಸ್ವೇಚ್ಛೆಯಿಂದ ಓಡಾಡತೊಡಗುತ್ತವೆ. ಮೊದಲು ಕೈಬಿಡುವುದರಿಂದ ಎಲೆಕ್ಟ್ರಾನು ಹೊರಡುವುದೊ, ಎಲೆಕ್ಟ್ರಾನುಗಳ ಪರಸ್ಪರ ಜಗಳವೇ ಕೈ ಬಿಡಿಸುವುದೊ ಎಂಬ ಚರ್ಚೆ ಪಂಡಿತರಲ್ಲಿ ಇಂದಿಗೂ ಪೂರ್ಣವಾಗಿ ಮುಗಿದಿಲ್ಲ.

ಕಿಟಕಿಗೆ ಬೇಕಾದುದು ಇದರ ಫಲ ಮಾತ್ರ. ಸ್ವೇಚ್ಛೆಯಿಂದ ಓಡಾಡುವ ಎಲೆಕ್ಟ್ರಾನುಗಳು ಅವಗೆಂಪು ಕಿರಣಗಳನ್ನು ಕನ್ನಡಿಯಂತೆ ಹಿಂದಿರುಗಿಸುತ್ತವೆ. ಕಣ್ಣಿಗೆ ಕಾಣುವ ಬೆಳಕಿನ ತಂಟೆಗೆ ಹೆಚ್ಚಾಗಿ ಹೋಗುವುದಿಲ್ಲ. ಆದುದರಿಂದ ಈ ಆಕ್ಸೈಡನ್ನು ಗಾಜಿನ ಮೇಲೆ ಲೇಪಿಸಿದರೆ, ಗಾಜು ತಣ್ಣಗಿರುವಾಗ ಬಿಸಿಲಿನ ಶಾಖ ಒಳಬರುತ್ತದೆ. ಕಾದಾಗ ಹೊರಗೇ ಉಳಿಯುತ್ತದೆ. ಕೋಣೆಯ ಬೆಳಕಿನಲ್ಲಿ ಬದಲಾವಣೆ ಬಹಳ ಕಡಮೆ. ಲೇಪದ ದಪ್ಪವೂ ಅತ್ಯಲ್ಪ: ಒಂದು ತಲೆಗೂದಲಿನ ಸಾವಿರದಲ್ಲೊಂದು ಪಾಲಿನಷ್ಟು ಸಾಕು. ದೊಡ್ಡ ಹರಳುಗಳು ಮತ್ತೆ ಮತ್ತೆ ಕಾದು ತಣಿದರೆ ಬಿರುಕು ಬಿಡುತ್ತವೆ. ತೆಳುವಾದ ಲೇಪವು ಅದನ್ನು ತಾಳಿಕೊಳ್ಳುತ್ತದೆ. 1980ರ ದಶಕದ ಮಧ್ಯದಲ್ಲಿ ಸ್ವೀಡನ್ನಿನ ಗ್ರಾನ್‌ಕ್ವಿಸ್ಟ್ ಮತ್ತು ಅವರ ಸಂಗಡಿಗರು ಇಂತಹ ಗುಣವುಳ್ಳ ಗಾಜುಗಳಿಗೆ ಜಾಣ ಕಿಟಕಿ ಎಂಬ ಅರ್ಥದ ಹೆಸರನ್ನು ಬಳಕೆಗೆ ತಂದರು.

ಇಷ್ಟಿದ್ದೂ ನಮ್ಮ ಮನೆಗೇಕೆ ಬಂದಿಲ್ಲ?

ಓದುಗರು ಈ ಪ್ರಶ್ನೆಯನ್ನು ಕೇಳುವುದು ನ್ಯಾಯವೇ. ತೊಡಕುಗಳು ಮುಖ್ಯವಾಗಿ ನಾಲ್ಕು.

ಮೊದಲನೆಯದು, 68 ಡಿಗ್ರಿಯೆಂಬುದು ಕಿಟಕಿಯ ಗಾಜು ಸಾಮಾನ್ಯವಾಗಿ ಮುಟ್ಟುವ ಮಟ್ಟವಲ್ಲ. ಬಿಸಿಲಿಗೆ ಗಾಜು ಹೊರಗಾಳಿಗಿಂತ ಹೆಚ್ಚು ಕಾಯುವುದು ನಿಜ. ಆದರೂ ಲೇಪವು 25ರಿಂದ 40 ಡಿಗ್ರಿಯ ಆಸುಪಾಸಿನಲ್ಲಿ ಎಚ್ಚರಗೊಂಡರೆ ಮಾತ್ರ ಉಪಯೋಗ. ಇದಕ್ಕೆ ದೊರೆತ ಮದ್ದು ಟಂಗ್‌ಸ್ಟನ್. ವನೇಡಿಯಂ ಪರಮಾಣುಗಳಲ್ಲಿ ನೂರಕ್ಕೆ ಒಂದನ್ನು ತೆಗೆದು ಟಂಗ್‌ಸ್ಟನ್ ಪರಮಾಣುವನ್ನು ಕೂಡಿಸಿದರೆ, ಅದು ತನ್ನ ಹೆಚ್ಚಿನ ಎಲೆಕ್ಟ್ರಾನುಗಳಿಂದ ಜೋಡಿಗಳ ಹಿಡಿತವನ್ನು ಸಡಿಲಿಸಿ, ತಿರುವಿನ ಉಷ್ಣತೆಯನ್ನು ಸುಮಾರು 20 ಡಿಗ್ರಿಗಳಷ್ಟು ಇಳಿಸುತ್ತದೆ. ನೂರಕ್ಕೆ ಎರಡು ಸೇರಿಸಿದರೆ ಕೋಣೆಯ ಉಷ್ಣತೆಯ ಸಮೀಪಕ್ಕೆ ಬಂದಂತಾಯಿತು. ಆದರೆ ಮದ್ದಿಗೂ ಪಥ್ಯವುಂಟು: ಟಂಗ್‌ಸ್ಟನ್ ಹೆಚ್ಚಿದಂತೆ ಬಿಸಿ ಮತ್ತು ತಂಪು ಸ್ಥಿತಿಗಳ ನಡುವಣ ಅಂತರವೇ ಕುಗ್ಗುತ್ತದೆ.

ಎರಡನೆಯದು ಬೆಳಕಿನ ಕೊರತೆ. ಬರಿಯ ಲೇಪವಿದ್ದರೆ ಬೀಳುವ ಬೆಳಕಿನಲ್ಲಿ ನೂರಕ್ಕೆ ಸುಮಾರು 40 ಪಾಲು ಮಾತ್ರ ಒಳಬರುತ್ತದೆ. 60 ಪಾಲಾದರೂ ಬರಬೇಕೆಂಬುದು ಸಂಶೋಧಕರ ಗುರಿ. ಲೇಪವನ್ನು ತೆಳುಮಾಡಿದರೆ ಬೆಳಕು ಹೆಚ್ಚುತ್ತದೆ, ಶಾಖ ತಡೆಯುವ ಶಕ್ತಿ ಇಳಿಯುತ್ತದೆ. ದಪ್ಪಮಾಡಿದರೆ ಶಾಖ ನಿಲ್ಲುತ್ತದೆ, ಕೋಣೆ ಕತ್ತಲಾಗುತ್ತದೆ. ಇತ್ತ ದರಿ, ಅತ್ತ ಪುಲಿ! ಮೂರನೆಯದು ಬಣ್ಣ. ಈ ಲೇಪ ಬಳಿದ ಗಾಜಿನಲ್ಲಿ ಹೊರಗಿನ ಜಗತ್ತು ಕಂದು ಬೆರೆತ ಹಳದಿಯಾಗಿ, ಹಳೆಯ ಛಾಯಾಚಿತ್ರದಂತೆ ಕಾಣುತ್ತದೆ. ದಿನವಿಡೀ ಹಾಗೆ ನೋಡುತ್ತ ಕುಳಿತಿರಲು ಯಾವ ಗೃಹಿಣಿ ಒಪ್ಪಿಯಾಳು? ನಾಲ್ಕನೆಯದು ಆಯುಸ್ಸು. ಗಾಳಿಯ ಆಮ್ಲಜನಕ ಹಾಗೂ ತೇವಗಳ ಸಹವಾಸದಲ್ಲಿ ಈ ಆಕ್ಸೈಡು ಮೆಲ್ಲಮೆಲ್ಲನೆ ಇನ್ನಷ್ಟು ಆಮ್ಲಜನಕವನ್ನು ಹೀರಿ ಬೇರೊಂದು ಆಕ್ಸೈಡಾಗಿ ಮಾರ್ಪಟ್ಟು ತನ್ನ ವಿದ್ಯೆಯನ್ನೇ ಮರೆಯುತ್ತದೆ. ಕಿಟಕಿಯೆಂದರೆ ಹತ್ತಿಪ್ಪತ್ತು ವರ್ಷ ಬಾಳಬೇಕಾದ ವಸ್ತುವಲ್ಲವೆ?

ತಯಾರಿಕೆಯೂ ನಾಜೂಕಿನದು. ವನೇಡಿಯಂ ಆಮ್ಲಜನಕದೊಡನೆ ಹತ್ತಾರು ಪ್ರಮಾಣಗಳಲ್ಲಿ ಕೂಡುತ್ತದೆ. ನಮಗೆ ಬೇಕಾದದ್ದು ಅವುಗಳಲ್ಲಿ ಒಂದು ಮಾತ್ರ, ಅದರಲ್ಲಿಯೂ ಒಂದು ಹರಳಿನ ರೂಪ ಮಾತ್ರ. ಆಮ್ಲಜನಕ ತುಸು ಹೆಚ್ಚಾದರೂ ಕೆಟ್ಟಿತು, ತುಸು ಕಡಮೆಯಾದರೂ ಕೆಟ್ಟಿತು. ಪಾಯಸಕ್ಕೆ ಬೆಲ್ಲ ಹಾಕುವ ಹದಕ್ಕಿಂತಲೂ ಸೂಕ್ಷ್ಮವಾದ ಹದವಿದು. ಸಾಮಾನ್ಯವಾಗಿ 400 ಡಿಗ್ರಿಗೂ ಮಿಗಿಲಾದ ಕಾವು ಬೇಕಾಗುವುದರಿಂದ ಪ್ಲಾಸ್ಟಿಕ್ ಹಾಳೆಯ ಮೇಲೆ ನೇರವಾಗಿ ಬೆಳೆಸುವುದು ಕಷ್ಟ.

ತೊಡಕಿಗೊಂದು ಉಪಾಯ

ಆದರೂ ವಿಜ್ಞಾನಿಗಳು ಕೈಚೆಲ್ಲಿ ಕುಳಿತಿಲ್ಲ. ಬೆಳಕಿನ ನಷ್ಟದಲ್ಲಿ ಒಂದು ಪಾಲು ಗಾಜಿನ ಮೇಲ್ಮೈಯಿಂದ ಪ್ರತಿಫಲಿಸಿ ಹಿಂದಿರುಗುವುದರಿಂದ ಆದದ್ದು. ಆದುದರಿಂದ ಲೇಪದ ಮೇಲೆ ಕೆಳಗೆ ಟೈಟೇನಿಯಂ ಅಥವಾ ಸಿಲಿಕಾನಿನ ಆಕ್ಸೈಡುಗಳ ಪದರಗಳನ್ನು ಲೆಕ್ಕ ಹಾಕಿದ ದಪ್ಪದಲ್ಲಿ ಹೊಂದಿಸಿದರೆ, ಕನ್ನಡಕದ ಗಾಜಿಗೆ ಹೊಳಪು ಕಳೆಯುವ ಲೇಪ ಕೊಟ್ಟಂತೆ, ಹೆಚ್ಚು ಬೆಳಕು ಒಳಬರುತ್ತದೆ. ಈ ಹೊದಿಕೆ ಆಮ್ಲಜನಕವನ್ನು ದೂರವಿಟ್ಟು ಲೇಪದ ಆಯುಸ್ಸನ್ನೂ ಹೆಚ್ಚಿಸುತ್ತದೆ. ಒಂದೇ ಕಲ್ಲಿಗೆ ಎರಡು ಹಣ್ಣು! ಮೆಗ್ನೀಸಿಯಮ್ಮನ್ನು ಬೆರೆಸಿದರೆ ಹಳದಿಯ ಛಾಯೆ ತಿಳಿಯಾಗುವುದೆಂದು ಸ್ವೀಡನ್ನಿನ ಉಪ್ಸಾಲದಲ್ಲಿ ಕಂಡುಕೊಂಡರು.

ಇನ್ನೊಂದು ಉಪಾಯವನ್ನು ನಿಶಾಚರ ಪತಂಗ ಕಲಿಸಿಕೊಟ್ಟಿತು. ಇರುಳಲ್ಲಿ ಹಾರಾಡುವ ಪತಂಗದ ಕಣ್ಣು ಮಿನುಗಿದರೆ ಶತ್ರುವಿಗೆ ಸುಳಿವು ಸಿಗುತ್ತದೆ. ಅದಕ್ಕಾಗಿ ಪ್ರಕೃತಿಯು ಅದರ ಕಣ್ಣಿನ ಮೇಲ್ಮೈಯನ್ನು ಅತಿಸೂಕ್ಷ್ಮವಾದ ಮೊಟಕು ಶಂಕುಗಳಿಂದ ತುಂಬಿಸಿದೆ. ಅವುಗಳ ನಡುವೆ ಬಿದ್ದ ಬೆಳಕು ಹಿಂದಿರುಗದೆ ಒಳಸರಿಯುತ್ತದೆ. ಗಾಜಿನ ಮೇಲೂ ಅಂತಹದೇ ರಚನೆಯನ್ನು ಮೂಡಿಸಿ ವನೇಡಿಯಂ ಲೇಪವನ್ನು ಕೊಟ್ಟರೆ ಬೆಳಕು ಎಷ್ಟು ಹೆಚ್ಚೀತು ಎಂಬುದನ್ನು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಲೆಕ್ಕಹಾಕಿ ತೋರಿಸಿದ್ದಾರೆ.

ಮೂರನೆಯ ದಾರಿ, ಅಖಂಡವಾದ ಲೇಪವನ್ನೇ ಬಿಟ್ಟು, ಆಕ್ಸೈಡಿನ ಅತಿಸಣ್ಣ ಕಣಗಳನ್ನು ಪಾರದರ್ಶಕ ಅಂಟಿನಲ್ಲಿ ದೂರದೂರವಾಗಿ ಹರಡುವುದು. ಹೀಗೆ ಮಾಡಿದರೆ ಬೆಳಕೂ ಹೆಚ್ಚುವುದು, ಶಾಖನಿಯಂತ್ರಣವೂ ಹೆಚ್ಚುವುದು ಎಂದು 2010ರಲ್ಲಿ ಉಪ್ಸಾಲದವರು ಗಣಿತದಿಂದ ತೋರಿಸಿದರು. ಆಮೇಲೆ ಈ ಕಣಗಳಿಗೆ ಒಂದೊಂದಕ್ಕೂ ಸಿಲಿಕಾ ಮುಂತಾದ ಕವಚ ತೊಡಿಸುವ ವಿದ್ಯೆಯೂ ಬೆಳೆಯಿತು. ಕಣಗಳನ್ನು ಬೇರೆಡೆ ಹೆಚ್ಚಿನ ಕಾವಿನಲ್ಲಿ ಸಿದ್ಧಪಡಿಸಿಕೊಂಡು, ಬಳಿಕ ಪ್ಲಾಸ್ಟಿಕ್ ಹಾಳೆಗೆ ಬಳಿದು, ಈಗಿರುವ ಹಳೆಯ ಕಿಟಕಿಗೇ ಅಂಟಿಸಬಹುದೆಂಬುದು ಇದರ ದೊಡ್ಡ ಲಾಭ. ಆದರೆ ಈ ಕಣಗಳು ಶಾಖವನ್ನು ಹಿಂದಟ್ಟುವುದಕ್ಕಿಂತ ಹೆಚ್ಚಾಗಿ ತಾವೇ ನುಂಗುತ್ತವೆ. ಕಾದ ಗಾಜು ಕೋಣೆಗೂ ಒಂದಿಷ್ಟು ಶಾಖವನ್ನು ಹಂಚುತ್ತದೆ. ಆದುದರಿಂದ ಜೋಡಿಗಾಜಿನ ಕಿಟಕಿಯಲ್ಲಿ ಹೊರಗಾಜಿಗೆ ಇದನ್ನು ಕೊಡುವುದು ಮೇಲು.

ವನೇಡಿಯಮ್ಮಿಗೆ ಪ್ರತಿಸ್ಪರ್ಧಿಗಳೂ ಹುಟ್ಟಿಕೊಂಡಿವೆ. ಎರಡು ಗಾಜುಗಳ ನಡುವೆ ನೀರು ಹಿಡಿದ ಒಂದು ಬಗೆಯ ಲೋಳೆಯನ್ನು ತುಂಬಿದರೆ, ಸುಮಾರು 32 ಡಿಗ್ರಿಯವರೆಗೆ ಅದು ತಿಳಿನೀರಿನಂತಿದ್ದು, ಅದರ ಮೇಲೆ ಹಾಲಿನಂತೆ ಬೆಳ್ಳಗಾಗಿ ಬಿಸಿಲನ್ನು ತಡೆಯುತ್ತದೆ. ಶಾಖ ತಡೆಯುವುದರಲ್ಲಿ ಇದು ವನೇಡಿಯಮ್ಮನ್ನು ಬಹಳವಾಗಿ ಮೀರಿಸುತ್ತದೆ. ಆದರೆ ಬೆಳ್ಳಗಾದ ಕಿಟಕಿಯಿಂದ ಬೀದಿಯನ್ನು ನೋಡುವಂತಿಲ್ಲ. ನೀರು ಆರದಂತೆ, ಶೀತದೇಶಗಳಲ್ಲಿ ಹೆಪ್ಪುಗಟ್ಟದಂತೆ ಕಾಯಬೇಕು.

2021ರ ಡಿಸೆಂಬರಿನಲ್ಲಿ ಒಂದೇ ಪತ್ರಿಕೆಯಲ್ಲಿ ಪ್ರಕಟವಾದ ಎರಡು ಪ್ರಬಂಧಗಳು ಈ ಕ್ಷೇತ್ರಕ್ಕೆ ಹೊಸ ತಿರುವನ್ನು ಕೊಟ್ಟವು. ಸಿಂಗಪುರದ ಸಂಶೋಧಕರು ಬಿಸಿಲನ್ನು ತಡೆಯುವುದರ ಜೊತೆಗೆ, ಬೇಸಗೆಯಲ್ಲಿ ತನ್ನ ಶಾಖವನ್ನು ಆಕಾಶದತ್ತ ಸೂಸಿ ಕಳೆದುಕೊಳ್ಳುವ, ಚಳಿಯಲ್ಲಿ ಹಾಗೆ ಮಾಡದೆ ಉಳಿಸಿಕೊಳ್ಳುವ ಕಿಟಕಿಯನ್ನು ತೋರಿಸಿದರು. ಕ್ಯಾಲಿಫೋರ್ನಿಯದ ಬರ್ಕ್ಲಿಯವರು ಟಂಗ್‌ಸ್ಟನ್ ಬೆರೆತ ವನೇಡಿಯಂ ಡೈಆಕ್ಸೈಡಿನಿಂದಲೇ ಮನೆಯ ಚಾವಣಿಗೆ ಇಂತಹ ಹೊದಿಕೆಯನ್ನು ರಚಿಸಿದರು. 15 ಡಿಗ್ರಿಗಿಂತ ಕೆಳಗೆ ಅದು ಶಾಖವನ್ನು ಬಿಗಿಹಿಡಿಯುತ್ತದೆ; 30 ಡಿಗ್ರಿಯ ಮೇಲೆ ಧಾರಾಳವಾಗಿ ಆಕಾಶಕ್ಕೆ ಸೂಸುತ್ತದೆ.

ನಮ್ಮ ನಾಡಿಗೆ ಏನು ಫಲ?

ಈ ಸಾಧನೆಯ ಬೆಲೆಯನ್ನು ಅರಿಯಬೇಕಾದರೆ ಒಂದು ಅಂಕಿಯನ್ನು ನೆನೆಯಬೇಕು. ಜಗತ್ತಿನಲ್ಲಿ ಬಳಕೆಯಾಗುವ ಎಲ್ಲ ವಿದ್ಯುತ್ತಿನಲ್ಲಿ ನೂರಕ್ಕೆ ಸುಮಾರು 10 ಪಾಲು ಕೋಣೆಗಳನ್ನು ತಂಪಾಗಿಸುವ ಯಂತ್ರಗಳಿಗೂ ಬೀಸಣಿಗೆಗಳಿಗೂ ಹೋಗುತ್ತದೆಂದು ಅಂತರರಾಷ್ಟ್ರೀಯ ಶಕ್ತಿ ಸಂಸ್ಥೆ 2018ರಲ್ಲಿ ತಿಳಿಸಿತು. ಭಾರತದಂತಹ ಬಿಸಿನಾಡುಗಳಲ್ಲಿ ಮಧ್ಯಮ ವರ್ಗದ ಮನೆಗಳಿಗೆ ಶೈತ್ಯಯಂತ್ರ ಬಂದಂತೆ ಈ ಪಾಲು ಏರುವುದು ಸಹಜ. ಕಿಟಕಿಯಿಂದ ನುಗ್ಗುವ ಶಾಖದಲ್ಲಿ ಒಂದಂಶವನ್ನು ತಡೆದರೂ ಉಳಿತಾಯ ಸಣ್ಣದಲ್ಲ.

ಆದರೆ ನಿಷ್ಠುರವಾದ ಮಾತೊಂದನ್ನೂ ಹೇಳಬೇಕು. ಶಾಖವರಿತು ಬದಲಾಗುವ ಗಾಜು ಹೆಚ್ಚು ಫಲ ಕೊಡುವುದು ಉರಿಬೇಸಗೆಯೂ ಕೊರೆಯುವ ಚಳಿಯೂ ಇರುವ ಕಡೆಗಳಲ್ಲಿ. ನಮ್ಮ ದೇಶದಲ್ಲಿ ದೆಹಲಿಯಂತಹ ಊರುಗಳಲ್ಲಿ. ಮಂಗಳೂರಿನಂತೆ ವರ್ಷವಿಡೀ ಸೆಕೆಯಿರುವ ಕಡೆ ಗಾಜು ಎಂದೂ ತನ್ನ ಚಳಿಗಾಲದ ವೇಷವನ್ನು ಧರಿಸುವ ಪ್ರಸಂಗವೇ ಬಾರದು. ಅಲ್ಲಿ ಶಾಖವನ್ನು ಸದಾ ಅಟ್ಟುವ ಸಾದಾ ಲೇಪವೇ ಸಾಕು. ಬೆಂಗಳೂರಿನ ಸೌಮ್ಯ ಹವೆಯಲ್ಲಿಯಂತೂ ಸೂರಿನ ನೆರಳು, ಗಾಳಿಗೆ ತೆರೆದ ಕಿಟಕಿ, ಎದುರಿಗೊಂದು ಹೊಂಗೆಯ ಮರ - ಇವು ಮಾಡುವ ಕೆಲಸವನ್ನು ಬೆಲೆಬಾಳುವ ಗಾಜಿನಿಂದ ಮಾಡಿಸಹೊರಟರೆ ಮೂಗಿಗಿಂತ ಮೂಗುತಿ ಭಾರವಾದೀತು.

ಹಾಗೆಂದು ಕನ್ನಡ ನಾಡಿಗೂ ಈ ಕಥೆಗೂ ನಂಟಿಲ್ಲವೆಂದಲ್ಲ. ಹಾಸನ ಜಿಲ್ಲೆಯ ನುಗ್ಗೇಹಳ್ಳಿಯ ಕಡೆಯ ಬಂಡೆಗಳಲ್ಲಿಯೂ ಮಸಣೀಕೆರೆಯಲ್ಲಿಯೂ ವನೇಡಿಯಂ ಬೆರೆತ ಕಬ್ಬಿಣದ ಅದುರು ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಲೋಹಯುಕ್ತ ಆವಿಯಿಂದ ವನೇಡಿಯಂ ಡೈಆಕ್ಸೈಡಿನ ತೆಳುಪದರಗಳನ್ನು ಬೆಳೆಸಿ, ಅವುಗಳ ತಿರುವಿನ ಗುಣವನ್ನು ಪರೀಕ್ಷಿಸಿ, ತಮ್ಮ ಫಲಿತಾಂಶಗಳನ್ನು 2002ರಲ್ಲಿ ಪ್ರಕಟಿಸಿದ್ದಾರೆ. ಅದುರೂ ಇದೆ, ಅರಿವೂ ಇದೆ.

ಇನ್ನು ಬೇಕಾಗಿರುವುದು ಅಗ್ಗವಾಗಿ, ಅಗಲವಾಗಿ, ಬಹುಕಾಲ ಬಾಳುವಂತೆ ಲೇಪಿಸುವ ಕೈಚಳಕ. ಬೆಳಕು, ಶಾಖನಿಯಂತ್ರಣ, ಬಣ್ಣ, ಆಯುಸ್ಸು - ಈ ನಾಲ್ಕನ್ನೂ ಒಂದೇ ಗಾಜಿನಲ್ಲಿ ಒಮ್ಮೆಗೇ ಹೊಂದಿಸುವುದೇ ಸಂಶೋಧಕರ ಮುಂದಿರುವ ಕೆಲಸ. ಆ ದಿನ ಬಂದಾಗ, ಸೀಸದ ಅದುರಿನಿಂದ ಪಡೆದ ಲವಣಗಳನ್ನು ಕಾಸಿ, ಅವು ಕೆಂಪಾಗುವುದನ್ನು ಮೊದಲು ಕಂಡು, ಆ ಬಳಿಕ ತನ್ನ ಕಣ್ಣನ್ನೇ ಸಂದೇಹಿಸಿದ ಮೆಕ್ಸಿಕೋದ ಅಧ್ಯಾಪಕನನ್ನು ನಾವು ನೆನೆಯಬೇಕು. ಅಲ್ಲಿಯವರೆಗೆ ಮಧ್ಯಾಹ್ನ ಹನ್ನೆರಡಾದೊಡನೆ ಎದ್ದುಹೋಗಿ ಪಡುವಣ ಕಿಟಕಿಗೆ ತೆರೆ ಎಳೆದು, ನಾಲ್ಕು ಗಂಟೆಗೆ ಮೂಡಣ ಕಿಟಕಿಯನ್ನು ತೆರೆದಿಡುವ ಮನೆಯ ಹಿರಿಯಳ ಜಾಣ್ಮೆಯೇ ನಮಗೆ ಗತಿ. ಆಕೆಗೆ ಬಿಸಿಲಿನ ಶಾಸ್ತ್ರವನ್ನು ಯಾರೂ ಕಲಿಸಬೇಕಾಗಿಲ್ಲ.